ಕರಾಟೆ ಮಕ್ಕಳಿಗಷ್ಟೇ ಮೀಸಲಾದ ವಿದ್ಯೆಯೇ?

ನಮ್ಮ ಸಮುದಾಯದ ಮನೆಗಳಲ್ಲಿ ಕರಾಟೆಗೆ ಒಂದು ವಯೋಮಿತಿ ತಾನಾಗಿಯೇ ನಿಗದಿಯಾಗಿಬಿಟ್ಟಿದೆ. ಮಗು ಎರಡನೆಯ ಅಥವಾ ಮೂರನೆಯ ತರಗತಿಗೆ ಬಂದಾಗ ಬಿಳಿ ಉಡುಪನ್ನು ಕೊಳ್ಳಲಾಗುತ್ತದೆ. ಹಳದಿ, ಕಿತ್ತಳೆ, ಹಸಿರು ಎಂದು ಪಟ್ಟಿಗಳು ಒಂದೊಂದಾಗಿ ಸೊಂಟಕ್ಕೇರುತ್ತವೆ. ಹೆಣ್ಣುಮಗುವಾದರೆ ಆರನೆಯ ತರಗತಿಯ ಹೊತ್ತಿಗೆ, ಗಂಡುಮಗುವಾದರೆ ಎಸ್ಸೆಸ್ಸೆಲ್ಸಿಯ ಟ್ಯೂಷನ್ ಆರಂಭವಾದ ಕೂಡಲೇ ಎಲ್ಲವೂ ಮುಗಿದುಹೋಗುತ್ತದೆ. ಉಡುಪು ಕಪಾಟಿನ ತಳ ಸೇರಿ, ಕೆಲವು ವರ್ಷಗಳ ಬಳಿಕ ತಮ್ಮನಿಗೋ ನೆರೆಮನೆಯ ಹುಡುಗನಿಗೋ ದಾಟುತ್ತದೆ. ಈ ಅವಧಿಯುದ್ದಕ್ಕೂ ತಂದೆ ತಾಯಂದಿರು ಹೊರಗೆ ಸ್ಕೂಟರಿನ ಮೇಲೆ ಕುಳಿತು, ಮೊಬೈಲ್ ನೋಡುತ್ತಾ ಕಾಯುತ್ತಿರುತ್ತಾರೆ. ಒಳಗೆ ನಡೆಯುತ್ತಿರುವುದಕ್ಕೂ ತಮಗೂ ಸಂಬಂಧವಿರಬಹುದೆಂಬ ಯೋಚನೆ ಅವರಲ್ಲಿ ಸುಳಿಯುವುದಿಲ್ಲ.

ಹಾಗೆ ಹೊರಗೆ ಕಾಯುತ್ತಿದ್ದ ಕೆಲವರು ಐದು ವರ್ಷಗಳ ಹಿಂದೆ ಚಪ್ಪಲಿ ಕಳಚಿಟ್ಟು ಒಳಗೆ ಹೋದೆವು. ಕರಾವಳಿಯ ಒಂದು ಸಣ್ಣ ಪಟ್ಟಣದಲ್ಲಿ ನಮ್ಮ ಜಮಾಅತಿನ ಹನ್ನೊಂದು ಕುಟುಂಬಗಳು ಇಂದು ಒಟ್ಟಾಗಿ ಶೋಟೋಕಾನ್ ಶೈಲಿಯ ಸಾಂಪ್ರದಾಯಿಕ ಕರಾಟೆಯನ್ನು ಅಭ್ಯಾಸ ಮಾಡುತ್ತಿವೆ. ಶನಿವಾರ ಮತ್ತು ಭಾನುವಾರ ಅಸರ್ ನಮಾಝಿನ ಬಳಿಕ ಆರಂಭವಾದರೆ, ಮಗ್ರಿಬ್‌ಗೆ ಅರ್ಧ ಗಂಟೆ ಇರುವಾಗ ಮುಗಿಯುತ್ತದೆ. ಸ್ಥಳ ಮದ್ರಸದ ಪಕ್ಕದ ಹಳೆಯ ಸಭಾಂಗಣ. ಮೇಲೆ ಶೀಟಿನ ಮಾಡು, ಕೆಳಗೆ ರೆಡ್ ಆಕ್ಸೈಡ್ ನೆಲ. ಆಷಾಢದ ಮಳೆ ಸುರಿಯುವಾಗ ಎಣಿಕೆಯ ಸದ್ದು ಕೇಳಿಸದೆ, ಮುಂದಿನವರ ಹೆಗಲನ್ನು ನೋಡಿಯೇ ಕೈ ಚಲಿಸಬೇಕಾಗುತ್ತದೆ. ನಮ್ಮಲ್ಲಿ ಅತಿ ಕಿರಿಯಳಿಗೆ 7 ವರ್ಷ, ಅತಿ ಹಿರಿಯರಿಗೆ 64. ಇವರ ನಡುವೆ ಮೀನಿನ ವ್ಯಾಪಾರಿ, ಇಬ್ಬರು ಶಿಕ್ಷಕಿಯರು, ಗಲ್ಫಿನಿಂದ ಮರಳಿದ ಎಲೆಕ್ಟ್ರಿಷಿಯನ್, ಪಿಯುಸಿ ಓದುವ ಹುಡುಗರು, ಮನೆಯಲ್ಲಿ ಬಟ್ಟೆ ಹೊಲಿಯುವ ತಾಯಂದಿರು ಇದ್ದಾರೆ. ನಾವು ಪರಿಣತರೇನೂ ಅಲ್ಲ. ಕಪ್ಪು ಪಟ್ಟಿ ಪಡೆದವರು ನಮ್ಮಲ್ಲಿ ಇಬ್ಬರೇ. ಆ ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿಲ್ಲ. ಆದರೂ ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎಂಬಲ್ಲಿಂದ ತೊಡಗಿ, ಇದು ದೀನ್‌ಗೆ ಒಪ್ಪುತ್ತದೆಯೇ ಎಂಬವರೆಗೆ ಬಂಧುಗಳು ಮತ್ತೆ ಮತ್ತೆ ಕೇಳುತ್ತಿರುವುದರಿಂದ, ನಾವು ಕಂಡುಕೊಂಡದ್ದನ್ನು ಓದುಗ ಸಹೋದರ ಸಹೋದರಿಯರ ಮುಂದಿಡುತ್ತಿದ್ದೇವೆ.

ಮೊದಲಿಗೆ ವಯಸ್ಸಿನ ಮಾತು. ಕರಾಟೆ ಎಳೆಯ ಮಕ್ಕಳ ಕೈಗೆ ಬಂದದ್ದು ಅದರ ಚರಿತ್ರೆಯಲ್ಲಿ ಬಹಳ ತಡವಾಗಿ. ಜಪಾನಿನ ದಕ್ಷಿಣಕ್ಕಿರುವ ಒಕಿನಾವಾ ದ್ವೀಪ ಅದರ ತವರು. 1879ರಲ್ಲಿ ಜಪಾನ್ ತನ್ನ ಪ್ರಾಂತ್ಯವನ್ನಾಗಿ ಮಾಡಿಕೊಳ್ಳುವವರೆಗೆ ಅಲ್ಲಿ ರ್ಯೂಕ್ಯೂ ಎಂಬ ಪ್ರತ್ಯೇಕ ರಾಜ್ಯವಿತ್ತು. ಆಯುಧಗಳನ್ನು ಕಳೆದುಕೊಂಡ ಬಡ ರೈತರು ಈ ಕಲೆಯನ್ನು ಹುಟ್ಟುಹಾಕಿದರೆಂಬ ಕಥೆ ಸಿನಿಮಾಗಳಿಂದಾಗಿ ಎಲ್ಲೆಡೆ ಹಬ್ಬಿದೆ. ಆದರೆ ಚರಿತ್ರೆಯಲ್ಲಿ ಹೆಸರು ಉಳಿದಿರುವ ಹಳೆಯ ಗುರುಗಳಲ್ಲಿ ಹಲವರು ಶುರಿ ಅರಮನೆಯ ಸೇವೆಯಲ್ಲಿದ್ದ ಮನೆತನಗಳವರು. ಪ್ರಾಯಕ್ಕೆ ಬಂದ ಒಬ್ಬಿಬ್ಬರು ಶಿಷ್ಯರನ್ನು ಆರಿಸಿಕೊಂಡು, ರಾತ್ರಿಯ ಹೊತ್ತು ಮನೆಯಂಗಳದಲ್ಲಿ ಗುಟ್ಟಾಗಿ ಕಲಿಸುವುದು ಅವರ ಪದ್ಧತಿಯಾಗಿತ್ತು. ಇದನ್ನು ಶಾಲೆಗೆ ತಂದವರು ಇತೊಸು ಆಂಕೊ (1831–1915). 1901ರಲ್ಲಿ ಶುರಿಯ ಪ್ರಾಥಮಿಕ ಶಾಲೆಯಲ್ಲಿ ಕರಾಟೆಯ ಪಾಠ ಆರಂಭವಾದಾಗ ಅವರಿಗೆ ಎಪ್ಪತ್ತರ ಆಸುಪಾಸು. ಮಕ್ಕಳಿಗೆ ಹಿಡಿಸುವಂತೆ ಅವರು ಪಿನಾನ್ ಎಂಬ ಐದು ಸರಣಿಗಳನ್ನು ರೂಪಿಸಿದರು. ಇಂದು ನಮ್ಮ ಊರಿನ ಮಗು ಕಲಿಯುವ ಮೊದಲ ಪಾಠಗಳು ಅವುಗಳಿಂದಲೇ ಬಂದಿವೆ. ಅಂದರೆ ಪ್ರಾಯದವರ ವಿದ್ಯೆಯೊಂದನ್ನು ಒಬ್ಬ ವೃದ್ಧರು ಮಕ್ಕಳಿಗೆ ಹೊಂದಿಸಿಕೊಟ್ಟರು. ನಾವಾದರೋ ಅದು ಮಕ್ಕಳಿಗಾಗಿಯೇ ಹುಟ್ಟಿದ್ದೆಂದು ಭಾವಿಸಿ ಹೊರಗೆ ಕಾಯುತ್ತೇವೆ.

ಇತೊಸು ಅವರ ಶಿಷ್ಯ ಫುನಾಕೊಶಿ ಗಿಚಿನ್ ಅವರ ಬದುಕು ನಮ್ಮನ್ನು ಇನ್ನಷ್ಟು ಚಿಂತನೆಗೆ ಹಚ್ಚುತ್ತದೆ. 1868ರಲ್ಲಿ ತಿಂಗಳು ತುಂಬುವ ಮುನ್ನವೇ ಹುಟ್ಟಿದ ಅವರು ಬಾಲ್ಯದಲ್ಲಿ ಬಹಳ ದುರ್ಬಲರಾಗಿದ್ದರು. ಹೆಚ್ಚು ದಿನ ಬದುಕಲಾರರೆಂದೇ ಮನೆಮಂದಿ ತಿಳಿದಿದ್ದರು. ಮುಂದೆ ಶಾಲಾ ಶಿಕ್ಷಕರಾಗಿ ದುಡಿಯುತ್ತಾ, ರಾತ್ರಿ ಲಾಟೀನು ಹಿಡಿದು ಗುರುಗಳ ಮನೆಗೆ ನಡೆದು ಹೋಗಿ ಕಲಿತರು. ತೆಕ್ಕಿ ಎಂಬ ಮೂರು ಸರಣಿಗಳನ್ನು ಕಲಿಯುವುದಕ್ಕೇ ಅವರಿಗೆ ಸುಮಾರು ಹತ್ತು ವರ್ಷಗಳು ಹಿಡಿದವು. 1922ರಲ್ಲಿ ಟೋಕಿಯೋದಲ್ಲಿ ಕರಾಟೆಯ ಪ್ರದರ್ಶನ ನೀಡಲು ಹೋದಾಗ ಅವರಿಗೆ 53 ವರ್ಷ. ನಮ್ಮಲ್ಲಾದರೆ ಅದು ಪಿಂಚಣಿಯ ಲೆಕ್ಕ ಹಾಕುವ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ವಯಸ್ಸು. ಅವರು ಊರಿಗೆ ಮರಳಲಿಲ್ಲ. ಒಕಿನಾವಾದ ವಿದ್ಯಾರ್ಥಿಗಳ ವಸತಿಗೃಹವೊಂದರಲ್ಲಿ ಸಣ್ಣ ಕೋಣೆ ಹಿಡಿದು, ಅದರ ಬಾಡಿಗೆಯ ಹೊಂದಾಣಿಕೆಗಾಗಿ ಕಾವಲುಗಾರನ ಕೆಲಸ ಮಾಡುತ್ತಾ, ಅಂಗಳ ಗುಡಿಸುತ್ತಾ, ಬಂದವರಿಗೆ ಕಲಿಸತೊಡಗಿದರು. ಜಗತ್ತಿನಲ್ಲಿ ಇಂದು ಅವರ ಹೆಸರಿನೊಂದಿಗೆ ಗುರುತಿಸಲಾಗುವ ಕೆಲಸವೆಲ್ಲ ಆರಂಭವಾದುದು ಆ ವಯಸ್ಸಿನ ನಂತರ. 1945ರಲ್ಲಿ ಅವರ ಶೋಟೋಕಾನ್ ಅಭ್ಯಾಸಗೃಹ ಬಾಂಬ್ ದಾಳಿಯಲ್ಲಿ ನಾಶವಾಯಿತು. ಅವರು 1957ರಲ್ಲಿ, 88ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಒಕಿನಾವಾದಲ್ಲಿ ಅಕ್ಟೋಬರ್ 25 ಕರಾಟೆ ದಿನ. 2016ರಲ್ಲಿ ಅದರ ಪ್ರಯುಕ್ತ ನಾಹಾ ನಗರದ ಮುಖ್ಯ ಬೀದಿಯಲ್ಲಿ ಸುಮಾರು 4,000 ಜನ ಸಾಲಾಗಿ ನಿಂತು ಒಟ್ಟಿಗೆ ಒಂದು ಸರಣಿಯನ್ನು ಮಾಡಿದರು. ಮಕ್ಕಳೂ ವೃದ್ಧರೂ ಒಂದೇ ಬೀದಿಯಲ್ಲಿ. ಅಷ್ಟೇಕೆ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕಟಾ ವಿಭಾಗದ ಚಿನ್ನ ಗೆದ್ದ ಸ್ಪೇನಿನ ಸಾಂಡ್ರಾ ಸಾಂಚೆಝ್‌ಗೆ ಆಗ 39 ವರ್ಷ.

ಇನ್ನು ಒಳಗೆ ನಡೆಯುವುದೇನು? ಸಾಂಪ್ರದಾಯಿಕ ಕರಾಟೆಗೆ ಮೂರು ಅಂಗಗಳಿವೆ. ಹೊಡೆತ, ತಡೆ, ಒದೆತಗಳನ್ನು ಬಿಡಿಬಿಡಿಯಾಗಿ ರೂಢಿಸಿಕೊಳ್ಳುವುದು ಕಿಹೋನ್. ಅವುಗಳನ್ನು ನಿಶ್ಚಿತ ಕ್ರಮದಲ್ಲಿ ಹೆಣೆದ ಸರಣಿ ಕಟಾ. ಇಬ್ಬರು ಎದುರುಬದುರಾಗಿ ಮಾಡುವ ಅಭ್ಯಾಸ ಕುಮಿಟೆ. ಮೊದಲ ತಿಂಗಳು ನಾವು ಕಲಿತದ್ದು ನಿಲ್ಲುವುದನ್ನು ಮತ್ತು ಮುಷ್ಟಿ ಕಟ್ಟುವುದನ್ನು ಮಾತ್ರ. ನಗಬೇಡಿ, ಐವರು ಪ್ರಾಯದವರನ್ನು ಕರೆದು ಮುಷ್ಟಿ ಕಟ್ಟಿ ಎಂದರೆ ಇಬ್ಬರಾದರೂ ಹೆಬ್ಬೆರಳನ್ನು ಒಳಗಿಟ್ಟು ಮುಚ್ಚುತ್ತಾರೆ. ಹಾಗೆ ಹೊಡೆದರೆ ಮುರಿಯುವುದು ಅವರದೇ ಹೆಬ್ಬೆರಳು. ಆಮೇಲೆ ಒಂದು ಕೈ ಮುಂದೆ ಹೋಗುವಾಗ ಇನ್ನೊಂದು ಕೈ ಅದೇ ವೇಗದಲ್ಲಿ ಸೊಂಟಕ್ಕೆ ಬರಬೇಕೆಂಬ ಪಾಠ. ಇದನ್ನು ಹಿಕಿತೆ ಎನ್ನುತ್ತಾರೆ. ಮುಂದೆ ಹೋಗುವ ಕೈಯನ್ನು ಎಲ್ಲರೂ ನೋಡುತ್ತಾರೆ, ಹಿಂದೆ ಬರುವ ಕೈಯನ್ನು ಎಲ್ಲರೂ ಮರೆಯುತ್ತಾರೆ. ಐದು ವರ್ಷಗಳ ಬಳಿಕವೂ ನಮ್ಮ ಸಾಲಿನಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ತಿದ್ದುಪಡಿ ಅದೇ.

ಮೊದಲ ಕಟಾದ ಹೆಸರು ಹೇಯಾನ್ ಶೋದಾನ್. ಅದರಲ್ಲಿ 21 ಚಲನೆಗಳು. ಎಡಕ್ಕೆ ತಿರುಗಿ, ಕೆಳಗಿನಿಂದ ಬರುವ ಒದೆತವನ್ನು ತಡೆಯುವುದರೊಂದಿಗೆ ಅದು ಆರಂಭವಾಗಿ, ಹೊರಟ ಜಾಗಕ್ಕೇ ಮರಳಿ ಮುಗಿಯುತ್ತದೆ. ಒಂದು ನಿಮಿಷವೂ ಬೇಕಾಗದ ಇದನ್ನು ನಾವು ಎಷ್ಟು ಸಾವಿರ ಸಲ ಮಾಡಿದ್ದೇವೆಂದು ಲೆಕ್ಕವಿಟ್ಟವರಿಲ್ಲ. ಬೇಸರವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಆರನೆಯ ತಿಂಗಳಲ್ಲಿ ಬಹಳ ಆಗುತ್ತದೆ. ಆದರೆ ಬಾಲ್ಯದಿಂದ ಅದೇ ಫಾತಿಹಾ, ಅದೇ ರುಕೂ, ಅದೇ ಸುಜೂದ್‌ಗಳಲ್ಲಿ ಬೆಳೆದ ನಮಗೆ, ಒಂದನ್ನೇ ಮತ್ತೆ ಮಾಡುವುದು ವ್ಯರ್ಥವೆಂಬ ಭಾವನೆ ಅಷ್ಟು ಸುಲಭವಾಗಿ ಬರುವುದಿಲ್ಲ. ಇಬಾದತ್ತನ್ನೂ ವ್ಯಾಯಾಮವನ್ನೂ ನಾವಿಲ್ಲಿ ಸಮಾನಗೊಳಿಸುತ್ತಿಲ್ಲ, ಅಲ್ಲಾಹನು ಕಾಪಾಡಲಿ. ಪುನರಾವರ್ತನೆಯಲ್ಲಿ ಗಮನವನ್ನು ಉಳಿಸಿಕೊಳ್ಳುವ ಕಷ್ಟ ಮಾತ್ರ ಎರಡು ಕಡೆಯೂ ನಮಗೆ ಪರಿಚಿತ.

ಈ ಸಂದರ್ಭದಲ್ಲಿ ಒಂದು ಪದ ನೆನಪಾಗುತ್ತದೆ. ಕನ್ನಡದಲ್ಲಿ ನಾಟಕದವರೂ ಗರಡಿಯವರೂ ಅಭ್ಯಾಸಕ್ಕೆ ತಾಲೀಮು ಎನ್ನುತ್ತಾರೆ. ಉತ್ತರ ಕರ್ನಾಟಕದ ಊರುಗಳಲ್ಲಿ ತಾಲೀಮಖಾನೆ ಎಂದರೆ ಕುಸ್ತಿಯ ಮನೆ. ನಮ್ಮ ಕರಾವಳಿಯಲ್ಲೂ ಹಬ್ಬದ ಮೆರವಣಿಗೆಗಳಲ್ಲಿ ದಂಡ ತಿರುಗಿಸುವ ತಾಲೀಮಿನ ತಂಡಗಳಿದ್ದವು. ಅರಬಿಯಲ್ಲಿ ತಅಲೀಮ್ ಎಂದರೆ ಕಲಿಸುವುದು, ಶಿಕ್ಷಣ. ಮದ್ರಸದ ಗೋಡೆಯ ಮೇಲಿರುವ ಪದವೂ ಅಖಾಡದ ಪದವೂ ಒಂದೇ. ಮೈಯ ಕಲಿಕೆ ಹೊರಗಿನಿಂದ ಬಂದ ಶೋಕಿ ಎನ್ನುವ ಹಿರಿಯರಿಗೆ ನಾವು ಈ ಪದವನ್ನು ನೆನಪಿಸುತ್ತೇವೆ. ಬಲಿಷ್ಠ ವಿಶ್ವಾಸಿ ದುರ್ಬಲ ವಿಶ್ವಾಸಿಗಿಂತ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದೂ, ಆದರೆ ಇಬ್ಬರಲ್ಲೂ ಒಳಿತಿದೆಯೆಂದೂ ಪ್ರವಾದಿ(ಸ) ಕಲಿಸಿದ್ದು ಎಲ್ಲರಿಗೂ ಗೊತ್ತು. ಅಬಿಸೀನಿಯಾದವರು ಪ್ರವಾದಿಯವರ(ಸ) ಮಸೀದಿಯಲ್ಲಿ ಈಟಿಗಳೊಂದಿಗೆ ಕಸರತ್ತು ಮಾಡಿದಾಗ, ಹಝ್ರತ್ ಆಯಿಶಾ(ರ) ಪ್ರವಾದಿಯವರ(ಸ) ಹಿಂದೆ ನಿಂತು ಅದನ್ನು ನೋಡಿದ ಪ್ರಸಂಗವೂ ಬುಖಾರಿಯಲ್ಲಿದೆ.

ಆದರೆ ದೀನ್‌ನ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ. ನಮ್ಮ ತರಗತಿ ನಿಂತೇಹೋಗುವ ಹಂತಕ್ಕೆ ಬಂದದ್ದು ಬಾಗುವುದರ ವಿಷಯದಲ್ಲಿ. ಕರಾಟೆಯಲ್ಲಿ ಅಭ್ಯಾಸದ ಆರಂಭ ಮತ್ತು ಕೊನೆಯಲ್ಲಿ ರೇ ಎಂಬ ವಂದನೆಯಿದೆ. ಮೊಣಕಾಲೂರಿ ಕುಳಿತು ಹಣೆಯನ್ನು ನೆಲದತ್ತ ಬಾಗಿಸುವುದು ಅದರ ಒಂದು ರೂಪ. ನಿಂತು ಸೊಂಟದಿಂದ ಬಾಗುವುದು ಇನ್ನೊಂದು. ಜಪಾನಿನ ಹಲವು ಅಭ್ಯಾಸಗೃಹಗಳಲ್ಲಿ ಎದುರಿನ ಗೋಡೆಯ ಮೇಲೆ ಶಿಂಟೋ ಧರ್ಮದ ಪುಟ್ಟ ಗೂಡು ಅಥವಾ ಮೂಲಗುರುವಿನ ಭಾವಚಿತ್ರ ಇರುತ್ತದೆ. ಸಭಾಂಗಣವನ್ನು ಕೊಡುವ ಮುನ್ನ ಜಮಾಅತಿನ ಸಭೆಯಲ್ಲಿ ಒಬ್ಬರು ಇದನ್ನೆತ್ತಿ, ನಮ್ಮ ಮಕ್ಕಳು ಮಸೀದಿಯ ಜಾಗದಲ್ಲಿ ಮನುಷ್ಯರಿಗೆ ಸುಜೂದ್ ಮಾಡುವುದನ್ನು ಕಲಿಯಬೇಕೇ ಎಂದು ಕೇಳಿದರು. ಸಭೆ ಸ್ತಬ್ಧವಾಯಿತು. ಜಪಾನೀಯರು ತಮ್ಮ ತಾಯಿಗೂ ಅಂಗಡಿಯವನಿಗೂ ಹೀಗೆಯೇ ಬಾಗುತ್ತಾರೆ, ಅದು ಆರಾಧನೆಯಲ್ಲ ಎಂದು ನಮ್ಮಲ್ಲಿ ಕೆಲವರು ವಾದಿಸಿದರು. ವಾದ ನಿಜವೇ. ಆದರೆ ನಮ್ಮ ಊರಿನ ಏಳು ವರ್ಷದ ಮಗುವಿಗೆ ಜಪಾನಿನ ರೂಢಿ ಗೊತ್ತಿಲ್ಲ. ಹಣೆ ನೆಲದತ್ತ ಹೋಗುವುದಕ್ಕೆ ಅದು ಬಲ್ಲ ಅರ್ಥ ಒಂದೇ.

ಖತೀಬ್ ಉಸ್ತಾದರ ಬಳಿ ಹೋದೆವು. ಭೇಟಿಯಾದಾಗ ಬಾಗಬೇಕೇ ಎಂದು ಒಬ್ಬರು ಕೇಳಿದುದಕ್ಕೆ ಪ್ರವಾದಿ(ಸ) ಬೇಡವೆಂದು, ಕೈ ಹಿಡಿದು ಶುಭ ಕೋರಲು ಅನುಮತಿಸಿದ ವರದಿ ತಿರ್ಮಿದಿಯಲ್ಲಿರುವುದನ್ನು ಅವರು ತೋರಿಸಿಕೊಟ್ಟರು. ತಲೆಯನ್ನು ತುಸು ಆಡಿಸುವ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ರುಕೂ ಸುಜೂದ್‌ಗಳನ್ನು ಹೋಲುವ ಭಂಗಿಯನ್ನು ಬಿಡುವುದೇ ಕ್ಷೇಮವೆಂದರು. ಕಲೆಯನ್ನು ಬಿಡಬೇಕೆಂದು ಅವರು ಹೇಳಲಿಲ್ಲ. ಇನ್ನು ನಮಗೆ ಕಲಿಸುವವರನ್ನು ಕೇಳಬೇಕಿತ್ತು. ಅವರು ತುಳು ಮಾತಾಡುವ ಹಿಂದೂ ಸಹೋದರರು, ಮೂವತ್ತು ವರ್ಷಗಳಿಂದ ಕರಾಟೆಯಲ್ಲಿರುವವರು. ಸೆನ್ಸೈ ಎನ್ನಬೇಕೆಂಬ ನಿಯಮವಿದ್ದರೂ ಇಡೀ ಊರು ಅವರನ್ನು ಮಾಸ್ಟ್ರೇ ಎಂದೇ ಕರೆಯುತ್ತದೆ. ಅವರು ಮನನೊಂದಾರೆಂಬ ಅಳುಕು ನಮಗಿತ್ತು. ಅವರು ಪೂರ್ತಿ ಕೇಳಿ, ಗೌರವ ಕೊಡಬೇಕು, ಹೇಗೆ ಕೊಡುತ್ತೀರೆಂಬುದು ನಿಮಗೆ ಬಿಟ್ಟದ್ದು ಎಂದರು. ಅಂದಿನಿಂದ ನಮ್ಮಲ್ಲಿ ಬಲಗೈಯನ್ನು ಎದೆಯ ಮೇಲಿಟ್ಟು, ಬೆನ್ನು ನೇರವಾಗಿಟ್ಟು, ಎದುರಿಗಿರುವವರ ಕಣ್ಣನ್ನು ನೋಡುವುದೇ ವಂದನೆ. ಗೋಡೆಯಲ್ಲಿ ಭಾವಚಿತ್ರವಿಲ್ಲ, ಗಡಿಯಾರವಿದೆ. ಸಭೆಯಲ್ಲಿ ಪ್ರಶ್ನೆಯೆತ್ತಿದ ಸಹೋದರರ ಇಬ್ಬರು ಮಕ್ಕಳು ಈಗ ನಮ್ಮ ಸಾಲಿನಲ್ಲಿದ್ದಾರೆ. ಪರೀಕ್ಷೆಗಾಗಿ ಹೊರಗಿನ ಊರಿಗೆ ಹೋದಾಗ ಒಮ್ಮೆ ಪರೀಕ್ಷಕರೊಬ್ಬರು ಇದನ್ನು ಅಶಿಸ್ತೆಂದು ಅಂಕ ಕಡಿತಗೊಳಿಸಿದ್ದುಂಟು. ಕಡಿತವಾಗಲಿ ಎಂದು ನಾವು ಸುಮ್ಮನಾದೆವು.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಹೆಚ್ಚು ಚರ್ಚಿಸಲಿಲ್ಲ, ವ್ಯವಸ್ಥೆ ಮಾಡಿದೆವು. ಸಭಾಂಗಣದ ನಡುವೆ ಪರದೆ ಎಳೆದು ಆ ಬದಿಯಲ್ಲಿ ತಾಯಂದಿರೂ ಹೆಣ್ಣುಮಕ್ಕಳೂ ನಿಲ್ಲುತ್ತಾರೆ. ಕಪ್ಪು ಪಟ್ಟಿ ಪಡೆದ ಇಬ್ಬರಲ್ಲಿ ಒಬ್ಬಳು ಹುಡುಗಿಯಾಗಿರುವುದರಿಂದ ಅಲ್ಲಿ ಕಲಿಸುವುದು ಅವಳೇ. ಕರಾಟೆಯ ಉಡುಪು ಸಡಿಲವಾಗಿ ಮೈತುಂಬ ಇರುವುದರಿಂದ ತಲೆವಸ್ತ್ರವೊಂದನ್ನು ಸೇರಿಸಿದರೆ ಸಾಕಾಗುತ್ತದೆ. ಸ್ಪರ್ಧೆಗಳಲ್ಲೂ ವಿಶ್ವ ಕರಾಟೆ ಒಕ್ಕೂಟವು ತಲೆವಸ್ತ್ರಕ್ಕೆ ಹಲವು ವರ್ಷಗಳ ಹಿಂದೆಯೇ ಒಪ್ಪಿಗೆ ನೀಡಿದೆ. ಆರನೆಯ ತರಗತಿಯಲ್ಲಿ ನಿಂತುಹೋಗಬೇಕಾಗಿದ್ದ ನಾಲ್ವರು ಹುಡುಗಿಯರು ಇಂದು ಪದವಿಪೂರ್ವ ತರಗತಿಯಲ್ಲೂ ಮುಂದುವರಿಯುತ್ತಿರುವುದಕ್ಕೆ ಕಾರಣ ಅವರ ತಾಯಂದಿರು ಪಕ್ಕದಲ್ಲಿ ನಿಂತಿರುವುದು. ತಾಯಿಯೇ ಬೆವರುತ್ತಿರುವಾಗ, ದೊಡ್ಡವಳಾದೆ ಇನ್ನು ಸಾಕು ಎಂದು ಹೇಳುವವರು ಯಾರು?

ಸಾಲಿನ ಕ್ರಮದಿಂದ ಒಂದು ತಮಾಷೆಯ ಇಕ್ಕಟ್ಟು ಉಂಟಾಯಿತು. ಕರಾಟೆಯಲ್ಲಿ ನಿಲ್ಲುವ ಸ್ಥಾನ ವಯಸ್ಸಿನಿಂದಲ್ಲ, ಪಟ್ಟಿಯಿಂದ ತೀರ್ಮಾನವಾಗುತ್ತದೆ. 64ರ ನಮ್ಮ ಹಾಜಿಯವರು ನಿವೃತ್ತ ಅಂಚೆ ನೌಕರರು. ಸೇರಿ ಮೂರು ವರ್ಷಗಳಾಗಿವೆ. ಅವರ ಒಂಬತ್ತು ವರ್ಷದ ಮೊಮ್ಮಗಳು ಅವರಿಗಿಂತ ಒಂದು ಪಟ್ಟಿ ಮುಂದಿದ್ದಾಳೆ. ಮನೆಯಲ್ಲಿ ಅವರ ಮುಂದೆ ಕಾಲು ಚಾಚಿ ಕುಳಿತುಕೊಳ್ಳದ ಹುಡುಗಿ, ಮನೆಯ ಚಾವಡಿಯಲ್ಲಿ ಅಭ್ಯಾಸ ಮಾಡುವಾಗ ಅಜ್ಜಾ, ಹಿಂದಿನ ಕೈ, ಹಿಂದಿನ ಕೈ ಎಂದು ತಿದ್ದುತ್ತಾಳೆ. ಆರಂಭದಲ್ಲಿ ಇದು ಅದಬಿಗೆ ಸರಿಯೇ ಎಂದು ಕೆಲವರು ಮುಜುಗರಪಟ್ಟರು. ಹಾಜಿಯವರು ಮಾತ್ರ, ಕುರ್‌ಆನ್ ಓದುವಾಗ ಮೊಮ್ಮಗಳು ನನ್ನ ತಜ್‌ವೀದ್ ತಿದ್ದಿದರೆ ನೀವು ಮಾಷಾ ಅಲ್ಲಾಹ್ ಎನ್ನುತ್ತೀರಲ್ಲವೇ ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದರು.

ಹಿರಿಯರ ದೇಹದ ಬಗ್ಗೆ ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಕರಾಟೆಯಿಂದ ಹಾಜಿಯವರ ಮೊಣಕಾಲಿನ ನೋವು ಮಾಯವಾಗಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯೂ ನಿಂತಿಲ್ಲ. ಸೇರುವ ಮುನ್ನ ಅವರು ವೈದ್ಯರಲ್ಲಿ ಕೇಳಿಕೊಂಡೇ ಬಂದರು. ಯುವಕರು ಮುಂಗಾಲನ್ನು ಆಳವಾಗಿ ಬಗ್ಗಿಸಿ ನಿಲ್ಲುವ ಝೆನ್‌ಕುತ್ಸು ಭಂಗಿಯಲ್ಲಿ ಅವರು ಎತ್ತರವಾಗಿ ನಿಲ್ಲುತ್ತಾರೆ. ಒದೆತ ಮೊಣಕಾಲಿನ ಎತ್ತರವನ್ನು ದಾಟುವುದಿಲ್ಲ. ಜಿಗಿತಗಳ ಜಾಗದಲ್ಲಿ ಒಂದು ಹೆಜ್ಜೆ. ಕುಮಿಟೆಯಲ್ಲಿ ಅವರು ಭಾಗವಹಿಸುವುದಿಲ್ಲ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದೇನೆಂದು ಕೇಳಬಹುದು. ಕ್ರಮ ನೆನಪಿಡುವುದು ಉಳಿಯುತ್ತದೆ, ಒಂದು ಕಾಲಿನ ಮೇಲೆ ಭಾರ ಹಾಕಿ ತಿರುಗುವುದು, ಉಸಿರನ್ನು ಚಲನೆಯೊಂದಿಗೆ ಬಿಡುವುದು ಉಳಿಯುತ್ತದೆ. ಮೊದಲು ಅವರು ಸುಜೂದ್‌ನಿಂದ ಏಳುವಾಗ ಪಕ್ಕದವರ ಹೆಗಲನ್ನು ಹುಡುಕುತ್ತಿದ್ದರು. ಈಗ ಕೈಯೂರಿ ತಾವಾಗಿಯೇ ಏಳುತ್ತಾರೆ. ನಮಗೆ ಕಂಡದ್ದು ಇಷ್ಟು.

ಇಲ್ಲೊಂದು ಸಣ್ಣ ಸಂಗತಿಯನ್ನೂ ಸೇರಿಸಬೇಕು. ಕಾಲು ಮಡಚಿ ಹಿಮ್ಮಡಿಯ ಮೇಲೆ ಕುಳಿತುಕೊಳ್ಳುವ ಸೇಝಾ ಭಂಗಿ ಹೊಸಬರಿಗೆ ಹಿಂಸೆಯೆಂದು ಮಾಸ್ಟ್ರು ಹೇಳುತ್ತಿದ್ದರು. ಬೇರೆಡೆಯ ತರಗತಿಗಳಲ್ಲಿ ಎರಡೇ ನಿಮಿಷಕ್ಕೆ ಜನ ಕಾಲು ಬಿಡಿಸಿಕೊಳ್ಳುತ್ತಾರಂತೆ. ನಮ್ಮ ಸಾಲು ಮೊದಲ ದಿನವೇ ಆರಾಮವಾಗಿ ಕುಳಿತಿತು. ದಿನಕ್ಕೆ ಐದು ಹೊತ್ತು ಹಾಗೆಯೇ ಕುಳಿತುಕೊಳ್ಳುವವರಿಗೆ ಅದು ಹೊಸದೇನಲ್ಲ ಎಂದಾಗ ಅವರು ಮನಸಾರೆ ನಕ್ಕರು.

ಈಗ ಹೊಡೆತದ ವಿಷಯಕ್ಕೆ ಬರಬೇಕು. ಹೇಳಲು ಕಷ್ಟವಾಗುವ ಭಾಗವೂ ಇದೇ. ಒಮ್ಮೆ ನಮ್ಮ ಪಟ್ಟಣದಲ್ಲಿ ವಾತಾವರಣ ಕೆಟ್ಟಿತು. ನಾಲ್ಕು ದಿನ ಅಂಗಡಿಗಳು ಮುಚ್ಚಿದ್ದವು, ಶಾಲಾ ಬಸ್ಸುಗಳು ಬರಲಿಲ್ಲ. ಐದನೆಯ ದಿನ ಭಾನುವಾರ. ಮಾಸ್ಟ್ರು ಬರಲಾರರೆಂದು ತಿಳಿದಿದ್ದೆವು. ಅಸರ್ ಮುಗಿಸಿ ಹೊರಬಂದಾಗ ಅವರ ಹಳೆಯ ಬೈಕು ಸಭಾಂಗಣದ ಮುಂದೆ ನಿಂತಿತ್ತು. ಅಂದು ಅವರು ಆ ವಿಷಯದ ಬಗ್ಗೆ ಒಂದು ಮಾತನ್ನೂ ಆಡದೆ ಹೇಯಾನ್ ಶೋದಾನನ್ನು ಇಪ್ಪತ್ತು ಸಲ ಮಾಡಿಸಿ ಮನೆಗೆ ಹೋದರು. ಮರುವಾರ ಒಂಬತ್ತು ಮಂದಿ ಹೊಸ ಯುವಕರು ಸೇರಿದರು. ಅವರ ಕಣ್ಣುಗಳಲ್ಲಿ ಏನಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಅವರಲ್ಲೊಬ್ಬ ಮೊದಲ ದಿನವೇ, ಕಟಾ ಗಿಟಾ ಬೇಡ, ಒಂದೇ ಏಟಿಗೆ ಬೀಳಿಸುವುದನ್ನು ಕಲಿಸಿ ಎಂದ.

ಮಾಸ್ಟ್ರು ಅವರನ್ನು ಕಳುಹಿಸಲಿಲ್ಲ, ಉಪದೇಶವನ್ನೂ ನೀಡಲಿಲ್ಲ. ಒಂದು ತಿಂಗಳು ಕುದುರೆ ಸವಾರನಂತೆ ಕಾಲಗಲಿಸಿ, ಮೊಣಕಾಲು ಬಗ್ಗಿಸಿ ನಿಲ್ಲುವ ಕಿಬಾ ಭಂಗಿಯಲ್ಲಿ ನಿಲ್ಲಿಸಿದರು. ಅನಂತರ ಇಬ್ಬಿಬ್ಬರನ್ನು ಎದುರಾಗಿಸಿ, ಪೂರ್ಣ ಬಲದಿಂದ ಹೊಡೆದು ಮೈಯಿಂದ ಒಂದು ಸುನ್ ದೂರದಲ್ಲಿ ನಿಲ್ಲಿಸಲು ಹೇಳಿದರು. ಸುನ್ ಎಂಬುದು ಜಪಾನಿನ ಹಳೆಯ ಅಳತೆ, ಸುಮಾರು ಮೂರು ಸೆಂಟಿಮೀಟರ್. ಹೊಡೆಯುವುದು ಯಾರಿಗೂ ಬರುತ್ತದೆ. ಹೊಡೆತವನ್ನು ಎರಡು ಬೆರಳಿನಷ್ಟು ದೂರದಲ್ಲಿ ತಡೆಹಿಡಿಯಲು ವರ್ಷಗಳು ಬೇಕು. ಒಂಬತ್ತರಲ್ಲಿ ಐವರು ಬಿಟ್ಟುಹೋದರು. ಉಳಿದ ನಾಲ್ವರಲ್ಲಿ ಒಂದೇ ಏಟು ಕೇಳಿದವನೂ ಇದ್ದಾನೆ. ಅವನು ಈಗ ಚಿಕ್ಕ ಮಕ್ಕಳ ಸಾಲನ್ನು ನೋಡಿಕೊಳ್ಳುತ್ತಾನೆ. ಬಿಟ್ಟುಹೋದ ಐವರ ಬಗ್ಗೆ ನಮಗೆ ಇಂದಿಗೂ ಆತಂಕವಿದೆ. ದಾರಿಯಲ್ಲಿ ಸಿಕ್ಕಾಗ ಸಲಾಮ್ ಹೇಳಿ, ಒಮ್ಮೆ ಬಾ ಎನ್ನುತ್ತೇವೆ.

ಕೆಡವುವವನಿಗಿಂತ ಸಿಟ್ಟಿನ ಹೊತ್ತಿನಲ್ಲಿ ತನ್ನನ್ನು ಹಿಡಿದಿಟ್ಟುಕೊಳ್ಳುವವನು ಬಲಶಾಲಿಯೆಂಬ ಪ್ರವಾದಿ(ಸ) ವಚನದ ಆಶಯವನ್ನು ನಾವು ಶುಕ್ರವಾರದ ಖುತ್ಬಾದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದು ಮೈಗೆ ಹೇಗೆ ಇಳಿಯಬೇಕೆಂಬುದಕ್ಕೆ ನಮ್ಮ ಯುವಕರಿಗೆ ಒಂದು ಅಭ್ಯಾಸ ಬೇಕಿತ್ತು. ಕಾದಾಟದಲ್ಲೂ ಮುಖವನ್ನು ಬಿಡಬೇಕೆಂಬ ಆದೇಶ ಹದೀಸ್‌ನಲ್ಲಿದೆ. ಮಕ್ಕಾದ ಫಿಕ್ಹ್ ಮಂಡಳಿಯು 1987ರಲ್ಲಿ ಬಾಕ್ಸಿಂಗನ್ನು ನಿಷಿದ್ಧವೆಂದು ತೀರ್ಮಾನಿಸಿತ್ತು. ಎದುರಾಳಿಗೆ ಗಂಭೀರ ಗಾಯ ಮಾಡುವುದನ್ನು ಆ ಆಟ ಒಪ್ಪಿಕೊಳ್ಳುತ್ತದೆಂಬುದು ಅದರ ಮುಖ್ಯ ಕಾರಣ. ಆದುದರಿಂದ ನಮ್ಮಲ್ಲಿ ಜೋಡಿ ಅಭ್ಯಾಸದಲ್ಲಿ ಮುಖದ ಕಡೆಗಿನ ಹೊಡೆತಗಳನ್ನು ದೂರದಲ್ಲೇ ನಿಲ್ಲಿಸಲಾಗುತ್ತದೆ. ಮಕ್ಕಳಿಗೆ ಎದೆ ಹೊಟ್ಟೆಯ ಮಟ್ಟ ಮಾತ್ರ.

ಈ ನಿಯಂತ್ರಣ ಬರೀ ಮಾತಿನದಲ್ಲ ಎಂಬುದನ್ನು ಇಡೀ ಜಗತ್ತು ಟೋಕಿಯೋದಲ್ಲಿ ಕಂಡಿತು. 2021ರ ಆಗಸ್ಟ್ 7ರಂದು, 75 ಕಿಲೋಗಿಂತ ಹೆಚ್ಚಿನ ತೂಕದ ಪುರುಷರ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರಿಕ್ ಹಾಮಿದಿ ಮತ್ತು ಇರಾನಿನ ಸಜ್ಜಾದ್ ಗಂಜ್‌ಝಾದೆ ಎದುರಾದರು. ಹಾಮಿದಿ 4–1ರಿಂದ ಮುಂದಿದ್ದರು. ಗೆದ್ದಿದ್ದರೆ ಅದು ಸೌದಿಗೆ ಒಲಿಂಪಿಕ್ಸ್‌ನ ಮೊದಲ ಚಿನ್ನವಾಗುತ್ತಿತ್ತು. ಅಷ್ಟರಲ್ಲಿ ಅವರ ಒಂದು ಒದೆತ ಎದುರಾಳಿಯ ಕುತ್ತಿಗೆಗೆ ಬಲವಾಗಿ ತಗಲಿ ಗಂಜ್‌ಝಾದೆ ಪ್ರಜ್ಞೆ ತಪ್ಪಿ ಬಿದ್ದರು. ಬೇರೆ ಎಷ್ಟೋ ಆಟಗಳಲ್ಲಿ ಅದು ಗೆಲುವು. ಕರಾಟೆಯಲ್ಲಿ ಅತಿಯಾದ ಹೊಡೆತಕ್ಕಾಗಿ ಹಾಮಿದಿ ಅನರ್ಹಗೊಂಡರು. ಬಿದ್ದವರಿಗೆ ಎಚ್ಚರವಾದಾಗ ಚಿನ್ನ ಅವರದಾಗಿತ್ತು. ನಮ್ಮ ಹುಡುಗರು ಈ ತೀರ್ಪಿನ ಬಗ್ಗೆ ವಾರಗಟ್ಟಲೆ ಜಗಳವಾಡಿದರು, ಅನ್ಯಾಯವೆಂದವರೇ ಹೆಚ್ಚು. ಹಾಮಿದಿಯವರ ದುಃಖ ನಮಗೂ ತಟ್ಟಿತು. ಅವರು ಬೇಕೆಂದೇ ಹಾಗೆ ಮಾಡಿದರೆಂದು ನಾವು ಹೇಳುವುದಿಲ್ಲ. ಆದರೆ ನಿಯಮ ಸರಿಯೆಂದೇ ನಮ್ಮ ಅಭಿಪ್ರಾಯ. ಎದುರಾಳಿ ನಿಂತಲ್ಲೇ ನಿಂತಿರುವಂತೆ ಗೆಲ್ಲಬೇಕೆಂಬ ಷರತ್ತನ್ನು ಇಟ್ಟುಕೊಂಡಿರುವ ಆಟವನ್ನು ಮಕ್ಕಳಿಗೆ ಕಲಿಸಲು ನಮಗೆ ಅಳುಕಿಲ್ಲ.

ಪದಕಗಳ ಪೇಟೆಯ ಬಗ್ಗೆ ಎರಡೇ ಮಾತು. ಪ್ರವೇಶ ಶುಲ್ಕ ಕೊಟ್ಟ ಪ್ರತಿಯೊಂದು ಮಗುವಿಗೂ ಪದಕ ಸಿಗುವ ಸ್ಪರ್ಧೆಗಳೂ, ಮೂರು ತಿಂಗಳಿಗೊಂದು ಪಟ್ಟಿಯ ಖಾತ್ರಿ ನೀಡುವ ತರಗತಿಗಳೂ ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಬಣ್ಣದ ಪಟ್ಟಿಗಳಾದರೂ ಕರಾಟೆಯಲ್ಲಿ ಹುಟ್ಟಿದವಲ್ಲ. ದರ್ಜೆಯ ವ್ಯವಸ್ಥೆಯನ್ನು ಫುನಾಕೊಶಿ ಜೂಡೋದಿಂದ ತೆಗೆದುಕೊಂಡು, 1924ರಲ್ಲಿ ತಮ್ಮ ಕೆಲವು ಶಿಷ್ಯರಿಗೆ ಮೊದಲ ಸಲ ಕಪ್ಪು ಪಟ್ಟಿ ನೀಡಿದರು.

ಆರಂಭಿಸಬೇಕೆಂದಿರುವ ಕುಟುಂಬಗಳಿಗೆ ನಮ್ಮ ಅನುಭವದಿಂದ ಕೆಲವು ಸೂಚನೆಗಳು. ಕಲಿಸುವವರು ಮೊದಲ ದಿನ ಹಣದ ಬಗ್ಗೆ ಎಷ್ಟು, ಗಾಯದ ಬಗ್ಗೆ ಎಷ್ಟು ಮಾತಾಡುತ್ತಾರೆಂಬುದನ್ನು ಗಮನಿಸಿ. ಬಾಗುವುದು, ಪರದೆ, ನಮಾಝಿನ ಸಮಯ, ಈ ಮೂರನ್ನೂ ಸೇರುವ ಮುನ್ನವೇ ಬಾಯಿಬಿಟ್ಟು ಕೇಳಿ. ನಾಚಿಕೆಯಿಂದ ಸುಮ್ಮನಿದ್ದು ಆಮೇಲೆ ಮಗುವನ್ನು ಬಿಡಿಸುವುದು ಯಾರಿಗೂ ಒಳ್ಳೆಯದಲ್ಲ. ಮೊದಲ ಮೂರು ತಿಂಗಳು ಉಡುಪು ಕೊಳ್ಳಬೇಡಿ, ಸಡಿಲವಾದ ಪೈಜಾಮ ಸಾಕು. ಐವತ್ತು ದಾಟಿದವರು ವೈದ್ಯರನ್ನು ಕೇಳಿ ಬನ್ನಿ. ರಮಝಾನಿನಲ್ಲಿ ನಾವು ಒದೆತಗಳನ್ನೆಲ್ಲ ಬಿಟ್ಟು, ಇಫ್ತಾರಿಗೆ ಮುನ್ನ ಹದಿನೈದು ನಿಮಿಷ ಕಟಾ ಮಾತ್ರ ನಿಧಾನವಾಗಿ ಮಾಡುತ್ತೇವೆ. ಗಲ್ಫಿನಲ್ಲಿರುವ ತಂದೆಯರಲ್ಲಿ ಮೂವರು ಮಕ್ಕಳಿಂದಲೇ ವಿಡಿಯೋ ಕರೆಯಲ್ಲಿ ಹೇಯಾನ್ ಶೋದಾನ್ ಕಲಿತುಕೊಂಡಿದ್ದಾರೆ. ಒಬ್ಬರು ರಜೆಯಲ್ಲಿ ಬಂದಾಗ ನೇರವಾಗಿ ಸಾಲಿನ ಕೊನೆಯಲ್ಲಿ ನಿಂತು 21 ಚಲನೆಗಳನ್ನೂ ಮುಗಿಸಿದರು. ತಿರುಗುವಾಗ ಎರಡು ಕಡೆ ಮಾತ್ರ ಮಗನನ್ನು ನೋಡಿದರು.

ಬರುವ ತಿಂಗಳು ಹಾಜಿಯವರ ಪರೀಕ್ಷೆಯಿದೆ, ಕಿತ್ತಳೆಯಿಂದ ಹಸಿರಿಗೆ. ಉತ್ತೀರ್ಣರಾದರೆ ಅವರು ಮೊಮ್ಮಗಳ ಸಮಕ್ಕೆ ಬರುತ್ತಾರೆ. ಅವಳಿಗೂ ಅದೇ ದಿನ ಮುಂದಿನ ಪರೀಕ್ಷೆ ಇರುವುದರಿಂದ ಆ ಸಮಬಲ ಎಷ್ಟು ಹೊತ್ತು ಉಳಿಯುವುದೋ ತಿಳಿಯದು.